ಗೊರಸು ಕೆತ್ತಿಸುವ ಮುನ್ನ: ಸೊರಗಿದ ಕುದುರೆಯ ಒಡೆತನ ಮತ್ತು ಪೂರ್ವಾಪರ

ಆರೈಕೆಯಿಲ್ಲದೆ ಸೊರಗಿದ ಕುದುರೆ ಹೊಸ ಜಾಗಕ್ಕೆ ಬಂದ ದಿನ ಎಲ್ಲರ ಕೈಯೂ ಒಟ್ಟಿಗೆ ಓಡುತ್ತದೆ. ಒಬ್ಬರು ಮೈತೊಳೆಯಲು ಬಕೆಟ್ ತರುತ್ತಾರೆ, ಒಬ್ಬರು ಗಂಟುಗಟ್ಟಿದ ಅಯಾಲಿಗೆ ಕತ್ತರಿ ಹುಡುಕುತ್ತಾರೆ, ಇನ್ನೊಬ್ಬರು ಲಾಳ ಕಟ್ಟುವವರಿಗೆ ಫೋನ್ ಹಚ್ಚಿರುತ್ತಾರೆ. ಕುಡಿಯಲು ನೀರು, ನೆರಳು, ಪಶುವೈದ್ಯರು, ಇಷ್ಟು ತಕ್ಷಣ ಬೇಕು. ಮಿಕ್ಕದ್ದು ಒಂದೆರಡು ಗಂಟೆ ತಡೆಯಬಹುದು. ಕುದುರೆ ಯಾರದು, ಅದಕ್ಕೆ ಏನಾಗಿತ್ತು ಎಂಬುದಕ್ಕೆ ಸಾಕ್ಷ್ಯದ ದೊಡ್ಡ ಪಾಲು ಅದರ ಮೈಮೇಲೆಯೇ ಇರುತ್ತದೆ. ತೊಳೆದ, ಕತ್ತರಿಸಿದ, ತಿನ್ನಿಸಿದ ಹಾಗೆಲ್ಲ ಅದು ಅಳಿಯುತ್ತ ಹೋಗುತ್ತದೆ.

ಮೊದಲು ಫೋಟೋ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎಡ, ಬಲ, ಮುಂದೆ, ಹಿಂದೆ. ಮೇಲೆ ಹತ್ತಿ ನಿಂತು ಬೆನ್ನು. ನಾಲ್ಕೂ ಗೊರಸು ಪಕ್ಕದಿಂದ, ಎದುರಿನಿಂದ, ಅಂಗಾಲಿನ ಕಡೆಯಿಂದ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು. ಹಲ್ಲು, ಗಾಯ, ಕಲೆ, ಮುದ್ರೆ, ಹಣೆ ಮತ್ತು ಕಾಲಿನ ಬಿಳಿ ಗುರುತು, ಸುಳಿಗಳು. ಸುಳಿ ಶುಭವೋ ಅಶುಭವೋ ಇಲ್ಲಿ ಯಾರಿಗೂ ಬೇಡ, ಎಲ್ಲಿದೆ ಎಂಬುದಷ್ಟೇ ಬೇಕು. ಒಂದೇ ಬಣ್ಣದ, ಗುರುತಿಲ್ಲದ ಕುದುರೆಯನ್ನು ಕಾಗದದ ಮೇಲಿನ ಕುದುರೆಯೊಂದಿಗೆ ಹೊಂದಿಸಲು ಸುಳಿಗಿಂತ ಒಳ್ಳೆಯ ಗುರುತು ಕಡಿಮೆ. ಫೋಟೋಗಳ ಮೂಲ ಫೈಲುಗಳನ್ನು ಹಾಗೆಯೇ ಇಡಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದ್ದು ಕುಗ್ಗುತ್ತದೆ, ತೆಗೆದ ವೇಳೆ, ಜಾಗದ ಮಾಹಿತಿಯೂ ಕಳಚಿಹೋಗುತ್ತದೆ. ತಕರಾರು ಬಂದಾಗ ಎದುರು ಪಾರ್ಟಿ ಮೊದಲು ಕೇಳುವುದೇ ಅದನ್ನು.

ಆಮೇಲೆ ಚಿಪ್, ಅಂದರೆ ಗುರುತಿನ ನಂಬರಿಗಾಗಿ ಕುದುರೆಯ ಮೈಯೊಳಗೆ ಸೇರಿಸಿದ ಪುಟ್ಟ ಸಾಧನ. ಸಾಮಾನ್ಯವಾಗಿ ಅದು ಕುತ್ತಿಗೆಯ ಎಡಮಗ್ಗುಲಲ್ಲಿ, ಕಿವಿಗಳ ಹಿಂದಿನ ನೆತ್ತಿಗೂ ಬೆನ್ನು ಶುರುವಾಗುವ ಉಬ್ಬಿಗೂ ನಡುಮಧ್ಯೆ, ಅಯಾಲಿನ ಬುಡದ ಕೆಳಗಿನ ಗಟ್ಟಿ ನಾರಿನಲ್ಲಿರುತ್ತದೆ. ಅದರ ನಂಬರ್ ಓದುವ ರೀಡರನ್ನು ಚರ್ಮಕ್ಕೆ ತಾಗಿಸಿಕೊಂಡೇ ನಿಧಾನ ಸರಿಸಬೇಕು. ಎಡಕ್ಕೆ ಸಿಗದಿದ್ದರೆ ಬಲಕ್ಕೆ, ಅಲ್ಲೂ ಇಲ್ಲದಿದ್ದರೆ ಹೆಗಲು, ಎದೆಯ ತನಕ. ಈಗಿನ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ ಓದುವ 15 ಅಂಕಿಯದು. ಹಳೆಯ 125 ಕಿಲೋಹರ್ಟ್ಸ್ ಚಿಪ್ಪುಗಳನ್ನು ಎಲ್ಲ ರೀಡರುಗಳೂ ಹಿಡಿಯುವುದಿಲ್ಲ. ಹಾಗಾಗಿ ‘ಚಿಪ್ ಇಲ್ಲ’ ಎಂದು ಬರೆಯುವ ಬದಲು ‘ಈ ರೀಡರಿನಲ್ಲಿ ಸಿಗಲಿಲ್ಲ’ ಎಂದು ಬರೆಯಿರಿ. ಮೊದಲ ಮೂರು ಅಂಕಿ ದೇಶದ್ದಿರಬಹುದು (356 ಭಾರತ, 826 ಬ್ರಿಟನ್), 9ರಿಂದ ಶುರುವಾಗಿದ್ದರೆ ಹೆಚ್ಚಾಗಿ ಚಿಪ್ ತಯಾರಕರದು. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ, ಎರಡು ಚಿಪ್ ಇರುವ ಕುದುರೆಗಳೂ ಇವೆ.

ಚಿಪ್ ನಂಬರ್ ನಿಮ್ಮನ್ನು ಒಯ್ದು ಮುಟ್ಟಿಸುವುದು ನೋಂದಣಿಯ ತನಕ ಮಾತ್ರ. ಅಲ್ಲಿರುವ ಹೆಸರು ಕೊನೆಯ ಬಾರಿ ಅರ್ಜಿ ತುಂಬಿದವರದು. ನಡುವೆ ಮೂರು ಕೈ ಬದಲಾಗಿದ್ದರೂ ಹಳೆಯ ಹೆಸರೇ ಕೂತಿರುವುದು ತೀರಾ ಮಾಮೂಲು. ಪಾಸ್‌ಪೋರ್ಟ್ ಕತೆಯೂ ಇದೇ. ಬ್ರಿಟನ್ನಿನಲ್ಲಿ ಕುದುರೆಗೆ ಪಾಸ್‌ಪೋರ್ಟ್ ಕಡ್ಡಾಯ, ಆದರೂ ಅದು ಒಡೆತನದ ಪತ್ರವಲ್ಲ. ಇದು ಇಂಥ ಕುದುರೆ ಎಂದು ಅದು ಹೇಳುತ್ತದೆ, ಯಾರದೆಂದು ಸಾಧಿಸುವುದಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದ ಮಾತ್ರಕ್ಕೆ ಕುದುರೆ ತಮ್ಮದಾಯಿತು ಎಂದುಕೊಳ್ಳುವುದು ಈ ವಿಷಯದಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು.

ಒಡೆತನವನ್ನು ಸಾಧಿಸುವುದು ಹಕ್ಕು ಕೈಯಿಂದ ಕೈಗೆ ದಾಟಿದ ಸರಪಳಿ. ಕೊಟ್ಟವರಿಗೆ ಕೊಡುವ ಹಕ್ಕಿತ್ತೇ? ಕದ್ದ ಕುದುರೆಯನ್ನು ನಂಬಿ ದುಡ್ಡು ಕೊಟ್ಟು ಕೊಂಡರೂ, ಮಾರಿದವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಂಡವರಿಗೂ ಬರುವುದಿಲ್ಲ. ಲಾಯ ನಡೆಸುವವರು ‘ಮಾಲೀಕರು ಆರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ, ಒಯ್ಯಿರಿ’ ಎಂದರೆ ಅದು ಬಿಟ್ಟುಕೊಟ್ಟ ಹಾಗಲ್ಲ. ಬಾಕಿಗಾಗಿ ಕುದುರೆಯನ್ನು ತಡೆಹಿಡಿಯಲು, ಮಾರಲು ಕೆಲವೆಡೆ ಕಾನೂನಿನಲ್ಲಿ ದಾರಿಯಿದೆ, ಆದರೆ ನೋಟಿಸು, ಗಡುವು ಎಲ್ಲ ಮುಗಿದಿರಬೇಕು. ಆ ನೋಟಿಸಿನ ಪ್ರತಿ ನಿಮ್ಮ ಕಡತದಲ್ಲಿರಬೇಕು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಂಡಿದ್ದರೆ ಇಬ್ಬರ ಸಹಿ ಬೇಕು. ಸಂಸ್ಥೆಗಳು ‘ದತ್ತು’ ಎಂದು ಕೊಟ್ಟ ಕುದುರೆಯ ಒಪ್ಪಂದ ಓದಿದರೆ ಎಷ್ಟೋ ಸಲ ಒಡೆತನ ಸಂಸ್ಥೆಯಲ್ಲೇ ಉಳಿದಿರುತ್ತದೆ. ನೀವು ಸಾಕುವವರು ಅಷ್ಟೆ, ಮಾರುವಂತಿಲ್ಲ, ಮರಿ ಹಾಕಿಸುವಂತಿಲ್ಲ.

ಹಿಂಸೆಯ ಮೊಕದ್ದಮೆಯಲ್ಲಿ ಜಪ್ತಿಯಾದ ಕುದುರೆ ಬೇರೆಯೇ ಲೆಕ್ಕ. ನ್ಯಾಯಾಲಯ ಒಡೆತನ ಕಳೆಯುವ ಆದೇಶ ಕೊಡುವ ತನಕ ನಿಮ್ಮ ಹತ್ತಿರ ಇರುವುದು ಸುಪರ್ದಿ ಮಾತ್ರ. ಬೀಜ ಒಡೆಸುವುದು, ಬೇರೆ ಊರಿಗೆ ಸಾಗಿಸುವುದು, ದಯಾಮರಣ, ಇವಕ್ಕೆಲ್ಲ ಲಿಖಿತ ಅನುಮತಿ ತೆಗೆದುಕೊಳ್ಳಿ. ಯಾರೋ ಹೊಲದಲ್ಲಿ ಬಿಟ್ಟುಹೋದ ಕುದುರೆಯಾದರೆ ಪೊಲೀಸರಿಗೆ ತಿಳಿಸಿದ ಸ್ವೀಕೃತಿಯಿಂದಲೇ ಕಡತ ಶುರುವಾಗಬೇಕು. ಗಡುವು ದೇಶದಿಂದ ದೇಶಕ್ಕೆ ಬೇರೆ: ಇಂಗ್ಲೆಂಡಿನ 2015ರ ಕುದುರೆ ನಿಯಂತ್ರಣ ಕಾಯ್ದೆಯಲ್ಲಿ ಜಮೀನಿನವರು ಹಿಡಿದಿಟ್ಟ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಯಾರೂ ಬರದಿದ್ದರೆ 96 ಗಂಟೆಯ ಮೇಲೆ ಮುಂದಿನ ಹೆಜ್ಜೆ, ರಜಾದಿನ ಬಿಟ್ಟು ಎಣಿಸಿ.

ಮಾಲೀಕರೇ ಬಿಟ್ಟುಕೊಡುತ್ತಿದ್ದರೆ ಒಂದು ಪುಟದ ಪತ್ರ ಸಾಕು. ಚಿಪ್ ನಂಬರ್, ಬಣ್ಣ, ಗುರುತು, ಲಿಂಗ, ಅಂದಾಜು ವಯಸ್ಸು. ಗುರುತಿನ ಚೀಟಿಯಲ್ಲಿದ್ದಂತೆ ಪೂರ್ಣ ಹೆಸರು. ತಾನೇ ಮಾಲೀಕ, ಸಾಲ ಅಥವಾ ಋಣಭಾರ ಇಲ್ಲ ಎಂಬ ಮಾತು. ಹಕ್ಕು ಶಾಶ್ವತವಾಗಿ ಬಿಟ್ಟುಕೊಟ್ಟೆ ಎಂಬ ವಾಕ್ಯ. ತಾರೀಖು, ಎರಡು ಸಾಕ್ಷಿ. ‘ನೋಡಿಕೊಳ್ಳಲು ಕೊಟ್ಟಿದ್ದೇನೆ’ ಎಂಬ ಪದ ಬಂದರೆ ಹೊಡೆದುಹಾಕಿ, ಅದು ಮುಂದೆ ‘ವಾಪಸು ಕೊಡಿ’ ಆಗುತ್ತದೆ. ಸಣ್ಣ ಮೊತ್ತವನ್ನಾದರೂ ಬ್ಯಾಂಕ್ ಮೂಲಕ ಕೊಟ್ಟರೆ ಇನ್ನೊಂದು ಗುರುತು ಉಳಿಯುತ್ತದೆ. ಹೆಣ್ಣಾದರೆ ಹೊಟ್ಟೆಯಲ್ಲಿರಬಹುದಾದ ಮರಿಯ ಹಕ್ಕನ್ನೂ ಬರೆಸಿ. ಬಡಕಲು ಕುದುರೆ ಗಬ್ಬವಾಗಿರಲಾರದು ಎಂದು ಯಾರೂ ಭಾವಿಸಬಾರದು. ಗರ್ಭ ಸುಮಾರು ಹನ್ನೊಂದು ತಿಂಗಳು. ಈದ ದಿನದಿಂದ ಹಿಂದಕ್ಕೆ ಎಣಿಸಿದರೆ ಅದು ಆಗ ಯಾರ ಲಾಯದಲ್ಲಿತ್ತು ಎಂಬುದಕ್ಕೂ ಸುಳಿವು ಸಿಗುತ್ತದೆ. ಅದೇ ಪತ್ರದಲ್ಲಿ, ಹಿಂದಿನ ಪಶುವೈದ್ಯರು ಚಿಕಿತ್ಸೆಯ ದಾಖಲೆಯನ್ನು ನಿಮಗೆ ಕೊಡಲು ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಆಮೇಲೆ ಕೇಳಲು ಹೋದರೆ ಫೋನ್ ಎತ್ತುವುದಿಲ್ಲ.

ಇನ್ನು ಪೂರ್ವಾಪರ. ಇಲ್ಲಿ ಗೊರಸಿನಷ್ಟು ನಿಷ್ಠೆಯ ದಿನಚರಿ ಮತ್ತೊಂದಿಲ್ಲ. ಗೊರಸಿನ ಗೋಡೆ ಮೇಲಿನ ಕೂದಲಂಚಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ; ಮುಂಭಾಗ ಪೂರ್ತಿ ಬದಲಾಗಲು 9ರಿಂದ 12 ತಿಂಗಳು. ಜ್ವರ, ಹಸಿವು, ಮೇವಿನ ಬದಲಾವಣೆ ಉಂಗುರವಾಗಿ ಉಳಿಯುತ್ತವೆ. ಕೂದಲಂಚಿನಿಂದ 32 ಮಿಲಿಮೀಟರ್ ಕೆಳಗೆ ಆಳದ ಉಂಗುರವಿದ್ದು ಬೆಳವಣಿಗೆ ತಿಂಗಳಿಗೆ 8 ಎಂದುಕೊಂಡರೆ ಘಟನೆ ಸುಮಾರು ನಾಲ್ಕು ತಿಂಗಳ ಹಿಂದಿನದು. ಹೊಟ್ಟೆಗಿಲ್ಲದ ಕುದುರೆಯ ಗೊರಸು ನಿಧಾನ ಬೆಳೆಯುವುದರಿಂದ ನಿಜವಾದ ದಿನ ಇನ್ನೂ ಹಿಂದಿರಬಹುದು, ಆದ್ದರಿಂದ ‘ಕನಿಷ್ಠ ನಾಲ್ಕು ತಿಂಗಳು’ ಎಂದು ಬರೆಯುವುದು ಸರಿ. ಉಂಗುರಗಳು ಸಮಾನಾಂತರವಾಗಿದ್ದರೆ ಮೇವು, ಋತು, ಕಾಯಿಲೆ ಯಾವುದೂ ಆಗಿರಬಹುದು. ಮುಂದೆ ಒತ್ತೊತ್ತಾಗಿ ಹಿಮ್ಮಡಿಯ ಕಡೆ ಅಗಲವಾಗಿ ಬಿಚ್ಚಿಕೊಂಡಿದ್ದರೆ ಗೊರಸಿನೊಳಗಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಬಂದುಹೋಗಿದೆಯೆಂಬ ಗುಮಾನಿ. ಇದೆಲ್ಲ ಕೆತ್ತುವುದಕ್ಕೂ ಅರ ಹಾಕುವುದಕ್ಕೂ ಮೊದಲೇ ಅಳೆಯಬೇಕು. ಅರ ಆಡಿದ ಮೇಲೆ ಉಂಗುರ ಎಲ್ಲಿಯದು?

ಮೈಯ ಸ್ಥಿತಿಗೆ ಹೆನೆಕೆ ಅಂಕ ಬಳಸಿ: 1983ರಿಂದ ಬಳಕೆಯಲ್ಲಿದೆ, 1 ಅಂದರೆ ಎಲುಬಿನ ಗೂಡು, 9 ಅಂದರೆ ವಿಪರೀತ ಕೊಬ್ಬು. ಕುತ್ತಿಗೆ, ಬೆನ್ನಿನ ಉಬ್ಬು, ಹೆಗಲ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರೂ ಕಡೆ ಕೈಯಿಂದ ಮುಟ್ಟಿ ನೋಡಬೇಕು. ದಟ್ಟ ಕೂದಲು ಪಕ್ಕೆಲುಬನ್ನು ಮುಚ್ಚುತ್ತದೆ, ಜಂತುಹುಳುವಿನ ಡೊಳ್ಳುಹೊಟ್ಟೆ ಕೊಬ್ಬಿನಂತೆ ಕಾಣುತ್ತದೆ. ಇಬ್ಬರು ಬೇರೆಬೇರೆಯಾಗಿ ಅಂಕ ಕೊಟ್ಟು ಆಮೇಲೆ ಹೋಲಿಸಿ. ತೂಕದ ಯಂತ್ರವಿಲ್ಲದಿದ್ದರೆ ಎದೆಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ 11,880ರಿಂದ ಭಾಗಿಸಿ, ಎಲ್ಲ ಸೆಂಟಿಮೀಟರಿನಲ್ಲಿ. ಉದ್ದವೆಂದರೆ ಹೆಗಲ ಮುಂತುದಿಯಿಂದ ಪೃಷ್ಠದ ಹಿಂತುದಿ. ಸುತ್ತಳತೆ 150, ಉದ್ದ 160 ಆದರೆ ಸುಮಾರು 303 ಕೆಜಿ. ನಿಖರವಲ್ಲ, ಆದರೆ ಅದೇ ಟೇಪು, ಅದೇ ಕೈ ವಾರವಾರ ಅಳೆದರೆ ಏರಿಳಿತ ನಂಬಬಹುದು. ಸಗಣಿಯ ಮಾದರಿಯನ್ನು ಜಂತಿನ ಔಷಧಿ ಕೊಡುವ ಮೊದಲೇ ತೆಗೆಯಿರಿ. ರಕ್ತವನ್ನೂ ಮೊದಲ ದಿನವೇ.

ಬಡಕಲಾಗಿದೆ ಎಂದ ಮಾತ್ರಕ್ಕೆ ಹಸಿವಿಗೆ ಕೆಡವಿದ್ದರು ಎಂದಲ್ಲ. ಮುದಿತನ, ಸವೆದ ದವಡೆ ಹಲ್ಲು, ಯಕೃತ್ತಿನ ತೊಂದರೆ, ಇವೂ ಕಾರಣವಾಗಿರಬಹುದು. ಪಶುವೈದ್ಯರು ಕಂಡದ್ದನ್ನೂ ಅದರಿಂದ ಊಹಿಸಿದ್ದನ್ನೂ ಬೇರೆಬೇರೆ ಬರೆಯಲಿ. ಇದನ್ನು ತೀರ್ಮಾನಿಸುವ ಬಲವಾದ ಪುರಾವೆ ಮುಂದೆ ಬರುತ್ತದೆ: ಬೇರೆ ಯಾವ ಮದ್ದೂ ಇಲ್ಲದೆ ಸಾದಾ ಮೇವಿಗೇ ಕುದುರೆ ತೂಕ ಏರಿಸಿಕೊಂಡರೆ, ಅದಕ್ಕೆ ಕೊರತೆಯಾಗಿದ್ದದ್ದು ಮೇವೇ. ಹಾಗಾಗಿ ಏನು, ಎಷ್ಟು ಕೆಜಿ, ಎಷ್ಟು ಹೊತ್ತಿಗೆ ತಿನ್ನಿಸಿದಿರಿ ಎಂಬ ಪಟ್ಟಿ ಸಾಕ್ಷ್ಯವೇ. ತೀರಾ ಉಪವಾಸ ಬಿದ್ದಿದ್ದ ಕುದುರೆಗೆ ಮೊದಲ ದಿನವೇ ಕಾಳು ಸುರಿಯಬೇಡಿ. ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್ ಕುಸಿದು, ಬಂದ ಕೆಲವೇ ದಿನಗಳಲ್ಲಿ ಸಾಯಬಹುದು. ವೈದ್ಯರ ನಿಗಾದಲ್ಲಿ ಒಣಗಿಸಿದ ಲೂಸರ್ನ್, ಅದೇ ಕುದುರೆ ಮಸಾಲೆ ಸೊಪ್ಪು, ನಾಲ್ಕು ಗಂಟೆಗೊಮ್ಮೆ ಅರ್ಧ ಕೆಜಿ ಆಸುಪಾಸಿನಿಂದ ಶುರುಮಾಡುವುದು ರೂಢಿ.

ಕೊನೆಗೆ ಇವನ್ನೆಲ್ಲ ಒಂದೇ ಕಾಲಪಟ್ಟಿಗೆ ತನ್ನಿ: ತಾರೀಖು, ಕುದುರೆ ಎಲ್ಲಿತ್ತು, ಹೇಳಿದವರು ಯಾರು, ಕಂಡದ್ದೋ ಕೇಳಿದ್ದೋ, ಪುರಾವೆ ಯಾವುದು. ಲಾಳ ಕಟ್ಟುವವರು, ಸಾಗಿಸಿದ ಲಾರಿಯವರು, ಮೇವು ಮಾರಿದವರು, ಇವರ ಹತ್ತಿರ ರಸೀದಿಯಿರುತ್ತದೆ, ಜಗಳದ ಹಂಗಿರುವುದಿಲ್ಲ. ಗೊತ್ತಿಲ್ಲದ ತಿಂಗಳುಗಳನ್ನು ಖಾಲಿಯಾಗಿಯೇ ಬಿಡಿ. ಹಳೆಯ ಮಾಲೀಕರ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಎಳೆಯಬೇಡಿ, ಮಾನಹಾನಿ ದಾವೆಗೆ ನಿಮ್ಮ ಕಡತವೇ ಎದುರು ನಿಲ್ಲಬೇಕಾಗುತ್ತದೆ.

ಚಿಪ್ ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಿಸಿದ ದೃಢೀಕರಣ ಬಂದ ದಿನ ಅಯಾಲಿನ 30-40 ಕೂದಲು ಬುಡಸಮೇತ ಕಿತ್ತು ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಬೇಡ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮುಂದೆ ‘ಇದು ಆ ಕುದುರೆಯೇ ಅಲ್ಲ’ ಎಂಬ ತಕರಾರೆದ್ದರೆ ಡಿಎನ್ಎ ಪರೀಕ್ಷೆಗೆ ಬೇಕಾದ್ದು ಆ ಬುಡಗಳೇ. ಲಕೋಟೆಯ ಮೇಲೆ ತಾರೀಖು, ಚಿಪ್ ನಂಬರ್, ಕಿತ್ತವರ ಸಹಿ.