ಮುಧೋಳ ದಾರ್ಯಾಗ ಕುದ್ರಿ ವಾದ

ಬೆಳಗಾವಿಯಿಂದ ಮುಧೋಳಕ್ಕ ಹೋಗೂದಿದ್ರ ಯರಗಟ್ಟಿ, ಲೋಕಾಪುರ ಮ್ಯಾಲೆ ಹಾಸಿ ಹೋಗ್ರಿ. ಗೋಕಾಕ ಕಡಿಂದನೂ ದಾರಿ ಐತಿ, ಆದ್ರ ಕಬ್ಬಿನ ಸೀಜನ್‌ದಾಗ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡ್ರ ಮುಗೀತು, ಎರಡೆರಡು ಟ್ರೇಲರ್ ಕಟ್ಕೊಂಡು ಹಾಡು ಜೋರ ಹಚ್ಕೊಂಡು ರೋಡಿನ ನಟ್ಟನಡುವ ಹೊಂಟಿರ್ತಾರ, ನಿಮ್ಮ ಹಾರ್ನ್ ಅವರಿಗೆ ಕೇಳೂದ ಇಲ್ಲ. ನಾವು ಹೊಂಟಿದ್ದು ಮುಧೋಳ ನಾಯಿ ನೋಡಾಕ. ಆದ್ರ ದಾರಿ ತುಂಬ ಮಾತೆಲ್ಲ ಕುದ್ರಿದ, ಯಾಕಂದ್ರ ನನ್ನ ದೋಸ್ತ ಬೆಂಗಳೂರಾಗಿದ್ದಾಗ ರೇಸ್ ಕೋರ್ಸ್ ಹುಚ್ಚು ಹಚ್ಕೊಂಡು ಬಂದಾನ. ರೊಕ್ಕ ಹಚ್ಚಂಗಿಲ್ಲ ಅಂತಾನ, ನಂಬೂದು ಬಿಡೂದು ನಿಮಗ ಬಿಟ್ಟಿದ್ದು.

ಅವಂದು ಒಂದ ಹಟ: ರೇಸಿಗಂತನ ಬೆಳಸೂ ಥರೋಬ್ರೆಡ್ ಜಾತಿ ಕುದ್ರಿ ಈಗ ಮೊದಲಿನಕಿಂತ ಫಾಸ್ಟ್ ಆಗಿಲ್ಲ. ಸಾಕ್ಷಿಗೆ ಸೆಕ್ರೆಟೇರಿಯಟ್ ಅನ್ನೂ ಕುದ್ರಿ. 1973ರಾಗ ಅಮೆರಿಕಾದ ಬೆಲ್ಮಂಟ್ ಸ್ಟೇಕ್ಸ್ ಅನ್ನೂ ರೇಸ್, ಒಂದೂವರೆ ಮೈಲು, 2 ನಿಮಿಷ 24 ಸೆಕೆಂಡಿಗೆ ಮುಗಿಸಿತ್ತು, ಎರಡನೇ ಕುದ್ರಿ 31 ಲೆಂಗ್ತ್ ಹಿಂದ, ಲೆಂಗ್ತ್ ಅಂದ್ರ ಒಂದ ಕುದ್ರಿ ಉದ್ದ. ಅದ ವರ್ಷದ ಇನ್ನೊಂದು ದೊಡ್ಡ ರೇಸ್ ಕೆಂಟಕಿ ಡರ್ಬಿ ಎರಡು ನಿಮಿಷದೊಳಗ. ಈ ಎರಡೂ ದಾಖಲೆ ಮುರಿಯೂ ಕುದ್ರಿ ಇನ್ನೂ ಬಂದಿಲ್ಲ. "ಐವತ್ತು ವರ್ಷ ಆತಲೇ, ಲಕ್ಷಗಟ್ಟಲೆ ಮರಿ ಹುಟ್ಟ್ಯಾವ, ಒಂದಕ್ಕರ ಆತೇನು?" ಅಂತ ಯರಗಟ್ಟಿ ಚಾದಂಗಡ್ಯಾಗ ಗ್ಲಾಸ್ ಕುಟ್ಟಿ ಕೇಳಿದ. ನಾನಂದೆ, ಒಂದ ಕುದ್ರಿ ಹಿಡ್ಕೊಂಡು ಇಡೀ ಜಾತಿ ಅಳೀಬ್ಯಾಡೋ.

ಲೋಕಾಪುರ ದಾಟಿದ ಮ್ಯಾಲೆ ಒಂದ ಹಳ್ಳ್ಯಾಗ ಜಾತ್ರಿ, ಕುದ್ರಿ ಗಾಡಿ ಶರ್ಯತ್ತು ನಡದಿತ್ತು. ಬೈಕ್ ಬದೂಕ ಹಚ್ಚಿ ನಿಂತ್ವಿ. ಧೂಳು ಅಂದ್ರ ಧೂಳು, ಗಾಡಿ ಹಿಂದ ಬೈಕಿನ ಹುಡುಗ್ರು ಕೇಕಿ ಹಾಕ್ಕೋತ ಓಡ್ತಿದ್ರು, ಯಾರ ಕುದ್ರಿ ಯಾವುದು ಒಂದೂ ತಿಳೀಲಿಲ್ಲ. ಬಾಜೂಕ ಪಟಗಾ ಸುತ್ತಿದ ಒಬ್ಬ ಕಾಕಾ ಶುರು ಮಾಡಿದ, "ತಮ್ಮಾ, ನಮ್ಮ ಕಾಲದಾಗಿನ ಕುದ್ರಿ ಅಂದ್ರ ಕುದ್ರಿ. ಈಗಿನವು ಬರೇ ಮೈ ಮಿಂಚಸ್ತಾವ." ದೋಸ್ತಗ ಹಬ್ಬ. ನಾನು ಕೇಳಿದೆ, "ಆಗ ಟೈಮ್ ಬರ್ಕೊಂಡೀರೇನ್ರಿ ಕಾಕಾ?" "ಟೈಮ್ ಯಾಕೋ? ಮುಂದ ಬಂದದ್ದು ಗೆದ್ದಂಗ!"

ಕಾಕಾ ಹೇಳಿದ್ದ ಖರೆ ನೋಡ್ರಿ. ದೊಡ್ಡ ರೇಸಿನ್ಯಾಗೂ ಹಂಗ, ಕುದ್ರಿ ಓಡಸೂ ಜಾಕಿಗೆ ಬೇಕಾದ್ದು ಗೆಲುವು, ಗಡಿಯಾರ ಅಲ್ಲ. ಮೊದಲ ಅರ್ಧ ತಡದು ಓಡಿಸಿ ಕಡೀಕ ಬಿಟ್ಟ್ರ ಗೆಲ್ತಾನ ಅಂದ್ರ ಹಂಗ ಓಡಸ್ತಾನ, ಮ್ಯಾಲೆ ಹಿಂದಿನ ದಿನ ಮಳಿಯಾಗಿ ನೆಲ ಮೆತ್ತಗಿದ್ರ ಟೈಮ್ ಇನ್ನೂ ಹಾಳ. ಅದಕ್ಕ ಬರೇ ಗೆದ್ದವರ ಟೈಮ್ ನೋಡಿ ತೀರ್ಮಾನ ಮಾಡಬಾರದು. ಇನ್ನೊಂದು, 1890ರಿಂದ 1910ರೊಳಗ ಟೈಮ್ ಶೇಕಡಾ 5ರಿಂದ 7ರಷ್ಟು ಸುಧಾರಿಸಿತು, ಅದ್ರಾಗ ಹೆಚ್ಚಿನ ಪಾಲು ಕುದ್ರಿದಲ್ಲ, ಮ್ಯಾಲಿದ್ದವಂದು! ನೆಟ್ಟಗ ಕುಂದ್ರೂದು ಬಿಟ್ಟು ಕಾಲಿಡೂ ರಿಕಾಪು ಗಿಡ್ಡ ಮಾಡಿ ಮುಂದಕ ಬಗ್ಗಿ ತುದಿಗಾಲ ಮ್ಯಾಲೆ ನಿಲ್ಲಾಕ ಹತ್ತಿದ್ರು, ಜಾಕಿ ಮೈ ಕುದ್ರಿ ಜೋಡಿ ಮ್ಯಾಲೆ ಕೆಳಗ ಕುಣಿಯೂದು ನಿಂತು ಅದಕ್ಕ ಓಡೂದು ಹಗುರಾತು.

ಮುಧೋಳ ಹತ್ರ ತಿಮ್ಮಾಪುರದಾಗ ನಾಯಿ ಸಂಶೋಧನಾ ಕೇಂದ್ರ ಐತಿ. ಬಳುಕೂ ಸೊಂಟ, ಆಳವಾದ ಎದಿ, ಉದ್ದ ಕಾಲು, ಚರ್ಮದ ಕೆಳಗ ಬರೇ ನರ. 2005ರಾಗ ಅಂಚೆ ಚೀಟಿ ಮ್ಯಾಲೂ ಬಂದೇತಿ ಈ ನಾಯಿ. ಅಲ್ಲಿ ನಿಂತ ಹೇಳಿದೆ, 2008ರಾಗ ಮಾರ್ಕ್ ಡೆನ್ನಿ ಅಂಬೋ ವಿಜ್ಞಾನಿ ಓಡೂ ನಾಯಿ, ಕುದ್ರಿ, ಮನುಷ್ಯಾ ಮೂರರ ದಾಖಲೆ ಕೂಡ್ಸಿ ನೋಡಿದ, ರೇಸಿನ ನಾಯಿ ಗ್ರೇಹೌಂಡೂ ಅಮೆರಿಕಾದ ದೊಡ್ಡ ರೇಸಿನ ಕುದ್ರಿನೂ 1970ರ ಆಸುಪಾಸಿಗೆ ಹೆಚ್ಚೂಕಡಿಮಿ ಮಿತಿ ಮುಟ್ಟ್ಯಾವ ಅಂದ. ದೋಸ್ತ ಮೀಸಿ ತಿರುವಿದ. ತಡಿಯೋ ಅಂದೆ. 2015ರಾಗ ಶರ್ಮನ್, ವಿಲ್ಸನ್ ಅನ್ನೂ ಇಬ್ರು ಸಂಶೋಧಕರು ಬ್ರಿಟನ್ನಿನ ಕುದ್ರಿ ರೇಸಿನ 1850ರಿಂದ 2012ರ ತನಕದ ಆರು ಲಕ್ಷಕ್ಕೂ ಮಿಕ್ಕಿ ಟೈಮ್ ತಗೊಂಡು, ನೆಲ, ದೂರ ಎಲ್ಲ ಲೆಕ್ಕ ಹಾಕಿ ನೋಡಿದ್ರು. ಕುದ್ರಿ ಇನ್ನೂ ಫಾಸ್ಟ್ ಆಗಾಕತ್ತಾವ, ಅದೂ ಗಿಡ್ಡ ಓಟದಾಗ ಹೆಚ್ಚು, ಉದ್ದ ಓಟದಾಗ ಕಡಿಮಿ.

ನನಗ ಇದರಾಗ ಆಶ್ಚರ್ಯ ಕಾಣಂಗಿಲ್ಲ. ಕುದ್ರಿ ಬಾಯಿಂದ ಉಸುರು ತಗೊಳ್ಳಂಗಿಲ್ಲ, ಮೂಗಿಂದಷ್ಟ, ಗ್ಯಾಲಪ್‌ದಾಗ, ಅಂದ್ರ ನಾಗಾಲೋಟದಾಗ, ಒಂದ ಹೆಜ್ಜಿಗೆ ಒಂದ ಉಸುರು. ಉದ್ದ ಓಟಕ್ಕ ಇನ್ನಷ್ಟು ಗಾಳಿ ಎಲ್ಲಿಂದ ತರಬೇಕು ಅದು? ಮ್ಯಾಲೆ ಕುದ್ರಿ ಸಾಕಾವ್ರು ಮಾರೂದು ಗಿಡ್ಡ ಓಟದ ಗಿರಾಕಿಗೆ, ಎರಡ ವರ್ಷದ ಮರಿನ ರೇಸಿಗೆ ಇಳಸ್ತಾರ. ಗಿರಾಕಿ ಬೇಡಿದ್ದು ಬೆಳೀತಾರ, ಬ್ಯಾರೆ ಏನಿಲ್ಲ.

ಮುಧೋಳದ ಖಾನಾವಳ್ಯಾಗ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಂತು, ಅಷ್ಟೊತ್ತು ದೋಸ್ತ ಬಾಯಿ ಮುಚ್ಚಿ ಕುಂತ. ಉಂಡ ಮ್ಯಾಲೆ ಮತ್ತ ಶುರು, "ಹಂಗಾರ ಸೆಕ್ರೆಟೇರಿಯಟ್ ಮಕ್ಕಳರ ಅಪ್ಪನ್ನ ಮೀರಬೇಕಿತ್ತಲ್ಲ?" ನಾನಂದೆ, ಅದರ ಮಗ ರಿಸನ್ ಸ್ಟಾರ್ 1988ರಾಗ ಅದ ಬೆಲ್ಮಂಟ್ ಗೆದ್ದೇತಿ ಮಾರಾಯಾ, ಅಪ್ಪನಕಿಂತ 2.4 ಸೆಕೆಂಡ್ ತಡ ಆತು ಅಷ್ಟ. ಕೇಳಿ ಇನ್ನೂ ಜೋರಾದ, ತನ್ನ ಮಾತ ಗೆದ್ದತಿ ಅಂತ. ಬಿಲ್ ಅವನ ಕಡೆನ ಕೊಡಿಸಿದೆ.