ಮೀಯುವುದೂ ಅದರಲ್ಲೇ, ಬೇಯಿಸುವುದೂ ಅದರಲ್ಲೇ: ಬೆಪ್ಪು ಕಡಲತೀರದಲ್ಲಿ

ಜಪಾನಿಗೆ ಬರುವ ನಮ್ಮವರು ನನ್ನನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಲು ಎಲ್ಲಿಗೆ ಹೋಗೋಣ? ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬ ಏನಾದರೂ ಸಿಗುತ್ತಾ? ಎರಡಕ್ಕೂ ನಾನು ಒಂದೇ ಊರಿನ ಹೆಸರು ಹೇಳುತ್ತೇನೆ. ಅದು ಬೆಪ್ಪು.

ಕ್ಯೂಶೂ ದ್ವೀಪದ ಪೂರ್ವ ಕರಾವಳಿಯಲ್ಲಿ, ಒಯಿತಾ ಪ್ರಾಂತ್ಯದಲ್ಲಿ ಈ ಊರಿದೆ. ನಾವಿರುವ ಫುಕುಒಕಾದ ಹಕಾತಾ ನಿಲ್ದಾಣದಲ್ಲಿ ಸೋನಿಕ್ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು 2 ಗಂಟೆಯ ದಾರಿ. ಒಂದು ಕಡೆ ಬೆಪ್ಪು ಕೊಲ್ಲಿ, ಇನ್ನೊಂದು ಕಡೆ 1,375 ಮೀಟರ್ ಎತ್ತರದ ತ್ಸುರುಮಿ ಬೆಟ್ಟ. ನಡುವಿನ ಇಳಿಜಾರಿನಲ್ಲಿ ಊರು. ಆ ಇಳಿಜಾರಿನ ತುಂಬ ಹಬೆ. ಮನೆಗಳ ಸಂದಿಯಿಂದ, ಚರಂಡಿಯ ಮುಚ್ಚಳದಿಂದ, ರಸ್ತೆ ಬದಿಯ ಕೊಳವೆಯಿಂದ ಬಿಳಿ ಹಬೆ ಏಳುತ್ತಲೇ ಇರುತ್ತದೆ. ಇಲ್ಲಿ 2,000ಕ್ಕೂ ಹೆಚ್ಚು ಬಿಸಿನೀರಿನ ಸೆಲೆಗಳಿವೆ. ಹೊರಬರುವ ನೀರಿನ ಪ್ರಮಾಣದಲ್ಲಿ ಜಪಾನಿನಲ್ಲೇ ಮೊದಲ ಸ್ಥಾನ. ಪುತ್ತೂರಿನ ಬೆಂದ್ರು ತೀರ್ಥ ಒಂದನ್ನು ಬಿಟ್ಟರೆ ಬಿಸಿ ಬುಗ್ಗೆಯನ್ನೇ ನೋಡಿರದ ನನಗೆ, ಒಂದು ಇಡೀ ಊರು ಹೀಗೆ ಹಬೆಯಾಡುವುದನ್ನು ನೋಡಿ ಮಾತೇ ಹೊರಡಲಿಲ್ಲ.

ರೈಲು ನಿಲ್ದಾಣದ ಎದುರು ಎರಡೂ ಕೈ ಮೇಲೆತ್ತಿ ನಗುತ್ತಿರುವ ಒಬ್ಬ ಹಿರಿಯರ ಪ್ರತಿಮೆ ಇದೆ. ಅವರು ಅಬುರಾಯಾ ಕುಮಾಹಾಚಿ. 1863ರಲ್ಲಿ ಹುಟ್ಟಿ 1935ರಲ್ಲಿ ತೀರಿಕೊಂಡವರು. 1928ರಲ್ಲಿ ಮಹಿಳಾ ಗೈಡ್‌ಗಳಿರುವ ಪ್ರವಾಸಿ ಬಸ್ ಶುರುಮಾಡಿ ಈ ಊರನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಅವರೇ. ಪ್ರತಿಮೆಯ ಹತ್ತಿರವೇ ಕೈ ಅದ್ದಿಕೊಳ್ಳಲು ಬಿಸಿನೀರಿನ ತೊಟ್ಟಿ ಇದೆ. ಚಳಿಗಾಲದಲ್ಲಿ ರೈಲಿಳಿದವರೆಲ್ಲ ಅಲ್ಲೊಂದು ನಿಮಿಷ ನಿಲ್ಲುತ್ತಾರೆ.

ಎಲ್ಲರೂ ನೋಡಲು ಓಡುವುದು "ನರಕ"ಗಳನ್ನು. ಜಿಗೋಕು ಅಂತ ಕರೆಯುವ ಕುದಿಯುವ ಕೊಳಗಳವು. ಇವುಗಳಲ್ಲಿ ನಾಲ್ಕಕ್ಕೆ 2009ರಲ್ಲಿ ರಾಷ್ಟ್ರೀಯ ರಮ್ಯತಾಣದ ಮಾನ್ಯತೆ ಸಿಕ್ಕಿದೆ. ನೀಲಿ ಬಣ್ಣದ ಉಮಿ ಜಿಗೋಕು, ಕೆಂಪು ಬಣ್ಣದ ಚಿನೋಇಕೆ ಜಿಗೋಕು, ಎರಡನ್ನು ನೋಡಿದರೆ ಸಾಕು ಅಂತ ನನ್ನ ಅಭಿಪ್ರಾಯ. ಉಳಿದ ಹೊತ್ತನ್ನು ಕನ್ನಾವಾ ಬೀದಿಗಳಿಗೆ ಕೊಡಿ.

ಕನ್ನಾವಾ ಈ ಇಳಿಜಾರಿನ ಮೇಲ್ಭಾಗದ ಹಳೆಯ ಬಡಾವಣೆ. ಹಿಂದೆಲ್ಲ ಕೊಯ್ಲು ಮುಗಿದ ಮೇಲೆ ರೈತರು ಮೈಕೈ ನೋವು ಕಳೆಯಲು ಇಲ್ಲಿಗೆ ಬಂದು ವಾರಗಟ್ಟಲೆ ಇರುತ್ತಿದ್ದರು. ಅಕ್ಕಿ, ತರಕಾರಿ ಮನೆಯಿಂದಲೇ ತರುತ್ತಿದ್ದರು. ವಸತಿಗೃಹದವರು ಕೊಡುತ್ತಿದ್ದದ್ದು ಒಂದು ಕೋಣೆ, ಸ್ನಾನದ ತೊಟ್ಟಿ ಮತ್ತು ಅಂಗಳದಲ್ಲಿ ಒಂದು ಹಬೆಯ ಒಲೆ. ದಿನಕ್ಕೆ ಹಲವು ಸಲ ಮೀಯುವುದು, ನಡುವೆ ಅದೇ ನೆಲದ ಹಬೆಯಲ್ಲಿ ಬೇಯಿಸಿಕೊಂಡು ತಿನ್ನುವುದು, ಮಲಗುವುದು. ಸೌದೆ ಬೇಡ, ಎಣ್ಣೆ ಬೇಡ. ಅಂಥ ವಸತಿಗೃಹಗಳು ಈಗಲೂ ಕೆಲವು ಉಳಿದಿವೆ. ಇಲ್ಲಿನ ಸ್ನಾನ ಮತ್ತು ಊಟವನ್ನು ಬೇರೆ ಬೇರೆ ಮಾಡಿ ನೋಡಲಾಗದು ಅನ್ನಿಸಿದ್ದು ನನಗೆ ಈ ಅಂಗಳಗಳಲ್ಲೇ.

ಕನ್ನಾವಾದಲ್ಲಿ ಮೊದಲು ಮಾಡಬೇಕಾದ್ದು ಹಬೆ ಸ್ನಾನ. ಕನ್ನಾವಾ ಮುಶಿಯು ಎಂಬ ಈ ಜಾಗವನ್ನು 1276ರಲ್ಲಿ ಇಪ್ಪೆನ್ ಎಂಬ ಬೌದ್ಧ ಸನ್ಯಾಸಿ ಶುರುಮಾಡಿದರು ಅಂತ ಪ್ರತೀತಿ. ತೆಳು ಬಟ್ಟೆ ತೊಟ್ಟು, ಪುಟ್ಟ ಮರದ ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋಗಬೇಕು. ಒಳಗೆ ಕತ್ತಲು, ಕಲ್ಲಿನ ಗೋಡೆ, ನೆಲದ ತುಂಬ ಉದ್ದನೆಯ ಹಸಿರು ಎಲೆಗಳ ಹಾಸು. ಅದರ ಮೇಲೆ ಅಂಗಾತ ಮಲಗಬೇಕು. ಎಲೆ ಬಿಸಿಯಾಗಿ ಪರಿಮಳ ಮೂಗಿಗೆ ಬಡಿದಾಗ ನನಗೆ ಥಟ್ಟನೆ ಬಾಣಂತಿ ಕೋಣೆ ನೆನಪಾಯಿತು. ಆ ಎಲೆ ಸೆಕಿಶೋ. ನಮ್ಮ ಮನೆಗಳಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ಹತ್ತಿರದ ಬಂಧು. ಎರಡೂ ಅಕೋರಸ್ ಕುಲದ ಗಿಡಗಳೇ. ಎಂಟು ಹತ್ತು ನಿಮಿಷಕ್ಕೆ ಹೊರಗಿನಿಂದ ಕರೆಯುತ್ತಾರೆ. ಅಷ್ಟರಲ್ಲಿ ಬೆವರು ಧಾರಾಕಾರ.

ಆಮೇಲೆ ಹಸಿವು. ಹತ್ತಿರದಲ್ಲೇ 2010ರಲ್ಲಿ ಶುರುವಾದ ಜಿಗೋಕು ಮುಶಿ ಕೋಬೋ ಎಂಬ ಸಾರ್ವಜನಿಕ ಹಬೆ ಅಡುಗೆಮನೆ ಇದೆ. ತರಕಾರಿ, ಮೊಟ್ಟೆ, ಮೀನು ಅಲ್ಲೇ ಕೊಳ್ಳಬಹುದು, ನೀವೇ ತಂದರೂ ಆಗುತ್ತದೆ. ಎಲ್ಲವನ್ನೂ ಬುಟ್ಟಿಯಲ್ಲಿ ಜೋಡಿಸಿ, ದಪ್ಪ ಕೈಗವಸು ಹಾಕಿಕೊಂಡು ಕಲ್ಲಿನ ಒಲೆಯ ಮುಚ್ಚಳ ತೆಗೆದರೆ ಹಬೆ ಭುಸ್ಸೆಂದು ಮುಖಕ್ಕೆ ಬರುತ್ತದೆ. ಬಿಸಿ ಹತ್ತಿರ ಹತ್ತಿರ 100 ಡಿಗ್ರಿ. ಬುಟ್ಟಿ ಇಳಿಸಿ, ಮುಚ್ಚಿ, ಟೈಮರ್ ಒತ್ತಿ ಕಾಯಬೇಕು. ಎಲೆಕೋಸು ಬೇಗ ಆಗುತ್ತದೆ, ಗೆಣಸಿಗೆ ಜಾಸ್ತಿ ಹೊತ್ತು ಬೇಕು.

ಸಿಹಿಗುಂಬಳದ ಹೋಳು ನಾಲಿಗೆಯ ಮೇಲಿಟ್ಟರೆ ಕರಗಿತು. ಗೆಣಸಿನ ಸಿಪ್ಪೆ ಬಿರಿದು ಒಳಗಿನ ಹಳದಿ ತಿರುಳು ಮಿನುಗುತ್ತಿತ್ತು. ಜೋಳದ ತೆನೆಗೆ ಉಪ್ಪೇ ಬೇಕಿರಲಿಲ್ಲ. ಹಬೆಯ ಜೊತೆ ಬರುವ ಖನಿಜದಿಂದ ಒಂದು ಸಣ್ಣ ಉಪ್ಪಿನ ರುಚಿ ತಾನಾಗಿ ಹತ್ತುತ್ತದೆ ಅಂತ ಊರಿನವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸಿತು.

ಜಪಾನಿನಲ್ಲಿ ಸಸ್ಯಾಹಾರಿಯಾಗಿ ಇರುವುದು ಎಂಥ ಪರದಾಟ ಅಂತ ಇಲ್ಲಿರುವವರಿಗೆ ಗೊತ್ತು. ಬರೀ ತರಕಾರಿ ಅಂತ ತಂದಿಟ್ಟ ಬಟ್ಟಲಿನಲ್ಲೂ ದಾಶಿ ಇರುತ್ತದೆ. ಅದು ಬಹುಪಾಲು ಒಣಮೀನಿನಿಂದ ಇಳಿಸಿದ ಸಾರ. ಪ್ರತಿ ಊಟಕ್ಕೂ ವಿಚಾರಣೆ, ಪ್ರತಿ ತುತ್ತಿಗೂ ಅನುಮಾನ. ಕನ್ನಾವಾದಲ್ಲಿ ನನ್ನ ಬುಟ್ಟಿಯನ್ನು ನಾನೇ ತುಂಬಿದ್ದೆ, ನಾನೇ ಇಳಿಸಿದ್ದೆ. ಮನೆಯಿಂದ ಒಯ್ದಿದ್ದ ಚಟ್ನಿಪುಡಿ ಉದುರಿಸಿಕೊಂಡು, ಒಯಿತಾದ ಹುಳಿ ಹಣ್ಣು ಕಬೋಸು ಹಿಂಡಿಕೊಂಡು ನೆಮ್ಮದಿಯಿಂದ ತಿಂದೆ. ಈ ದೇಶದಲ್ಲಿ ನನಗೆ ಇದಕ್ಕಿಂತ ಖುಷಿ ಕೊಟ್ಟ ಹೊರಗಿನ ಊಟ ಇನ್ನೊಂದಿಲ್ಲ.

ಸಿಹಿ ಬೇಕಾದರೆ ಯಸೆಉಮಾ ಕೇಳಿ. ಬೇಯಿಸಿದ ಅಗಲ ಗೋಧಿ ಪಟ್ಟಿಗೆ ಹುರಿದ ಸೋಯಾ ಹಿಟ್ಟು, ಸಕ್ಕರೆ ಹೊರಳಿಸಿದ ಒಯಿತಾದ ತಿಂಡಿ. ಪರಿಮಳ ಥೇಟ್ ನಮ್ಮ ತಂಬಿಟ್ಟಿನದ್ದೇ.

ಸಂಜೆ ಇಳಿಜಾರು ಇಳಿದು ಕಡಲಿನ ಕಡೆ ಬಂದರೆ ತಾಕೆಗವಾರಾ ಸ್ನಾನಗೃಹ. ಶುರುವಾದದ್ದು 1879ರಲ್ಲಿ, ಈಗಿರುವ ಮರದ ಕಟ್ಟಡ 1938ರದ್ದು. ಹೊರಗಿನಿಂದ ನೋಡಿದರೆ ದೇವಸ್ಥಾನವೇ ಅನ್ನಬೇಕು. ಒಳಗೆ ಷವರ್ ಇಲ್ಲ. ನೆಲಮಟ್ಟಕ್ಕಿಂತ ಕೆಳಗೆ ಒಂದು ತೊಟ್ಟಿ, ಪಕ್ಕದಲ್ಲಿ ಚಿಕ್ಕ ಬಕೆಟ್‌ಗಳು, ಅಷ್ಟೇ. ನಾನು ತೊಟ್ಟಿಯ ಅಂಚಿನಲ್ಲಿ ಕೂತಾಗ ಪಕ್ಕದ ಅಜ್ಜಿಯೊಬ್ಬರು ನೀರು ಮೊಗೆದು ಮೊದಲು ಕಾಲಿಗೆ, ಆಮೇಲೆ ಮಂಡಿಗೆ, ಸೊಂಟಕ್ಕೆ, ಕೊನೆಗೆ ಹೆಗಲಿಗೆ ಸುರಿದುಕೊಂಡು ತೋರಿಸಿದರು. ಹಾಗೆ ಮಾಡಿದರೆ ಮೈ ಬಿಸಿಗೆ ಒಗ್ಗುತ್ತದೆ. ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು, ಟವೆಲ್ ನೀರಿಗೆ ಸೋಕಬಾರದು. ನೀರು ಚೆನ್ನಾಗಿಯೇ ಬಿಸಿ. ಕುತ್ತಿಗೆವರೆಗೆ ಮುಳುಗಿದ ಅಜ್ಜಿಯಂದಿರು ತಮ್ಮ ಪಾಡಿಗೆ ತಾವು ತರಕಾರಿ ರೇಟು ಮಾತಾಡುತ್ತಿದ್ದರು. ಇಲ್ಲಿ ಗಲ್ಲಿಗೊಂದು ಸ್ನಾನಗೃಹ. ಎಷ್ಟೋ ಕಡೆ ಅಕ್ಕಪಕ್ಕದವರೇ ಸೇರಿ ನಡೆಸುತ್ತಾರೆ, ಅವರೇ ಗುಡಿಸಿ ತೊಳೆಯುತ್ತಾರೆ.

ಬಟ್ಟೆ ಬಿಚ್ಚಿ ಎಲ್ಲರ ಜೊತೆ ಮೀಯುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ, ಅದು ಸಹಜ. ಅಂಥವರಿಗೆ ಇಲ್ಲಿ ದಾರಿ ಇದೆ. ಹಬೆ ಸ್ನಾನಕ್ಕೆ ಬಟ್ಟೆ ಹಾಕಿಕೊಂಡೇ ಹೋಗುವುದು. ಮರಳು ಸ್ನಾನಕ್ಕೂ ಯುಕಾತಾ ಎಂಬ ತೆಳು ನಿಲುವಂಗಿ ಕೊಡುತ್ತಾರೆ. ಅದರಲ್ಲಿ ಬಿಸಿ ಮರಳಿನಿಂದ ಕುತ್ತಿಗೆಯವರೆಗೆ ಮುಚ್ಚಿಬಿಡುತ್ತಾರೆ, ಎದೆಯ ಮೇಲಿನ ಭಾರದಲ್ಲಿ ನಿಮ್ಮ ನಾಡಿ ಮಿಡಿತ ನಿಮಗೇ ಕೇಳುತ್ತದೆ. ಕುಟುಂಬದವರಷ್ಟೇ ಬಳಸುವ ಸ್ನಾನದ ಕೋಣೆ ಗಂಟೆಗಿಷ್ಟು ಅಂತ ಬಾಡಿಗೆಗೂ ಸಿಗುತ್ತದೆ.

ನಮ್ಮೆಜಮಾನರು ಕುಂದಾಪುರದವರು. ಮೀನಿನ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಕಷ್ಟ. ರಾತ್ರಿ ಊಟಕ್ಕೆ ಅವರು ತರಿಸಿದ್ದು ರ್ಯೂಕ್ಯೂ. ಹಸಿ ಮೀನಿನ ಚೂರುಗಳನ್ನು ಸೋಯಾ ಸಾಸ್, ಎಳ್ಳಿನಲ್ಲಿ ನೆನೆಸಿ ಬಿಸಿ ಅನ್ನದ ಮೇಲೆ ಹಾಕುವುದು. ಒಯಿತಾದ ಸಗಾನೊಸೆಕಿ ತೀರದ ಸೆಕಿ ಅಜಿ, ಸೆಕಿ ಸಾಬಾ ದೇಶಕ್ಕೇ ಹೆಸರಾದ ಮೀನುಗಳು. ಸೆಕಿ ಸಾಬಾ ಅಂದರೆ ನಮ್ಮ ಬಂಗುಡೆಯ ಸಂಬಂಧಿ. ಸೆಳೆತ ಜೋರಿರುವ ಜಲಸಂಧಿಯಲ್ಲಿ ಬಲೆ ಹಾಕದೆ, ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ಮಾಂಸ ಗಟ್ಟಿ. "ಹಸಿ ಬಂಗುಡೆ ಹೀಗಿರುತ್ತೆ ಅಂತ ನಮ್ಮ ಅಮ್ಮನಿಗೆ ಹೇಗೆ ಹೇಳಲಿ" ಅಂತ ಅವರು ತಟ್ಟೆ ಖಾಲಿ ಮಾಡಿದರು. ಇದೇ ಕೊಲ್ಲಿಯ ಹಿಜಿ ಊರಿನಲ್ಲಿ ಕೋಟೆಯ ಕೆಳಗೆ ಕಡಲತಳದಿಂದ ಸಿಹಿನೀರು ಉಕ್ಕುತ್ತದೆ. ಅಲ್ಲಿ ಬೆಳೆಯುವ ಚಪ್ಪಟೆ ಮೀನು ಶಿರೋಶಿತಾ ಕರೇಇ. ಅದನ್ನು ಬೇಸಿಗೆಯ ಆರಂಭದಲ್ಲಿ ತಿನ್ನಬೇಕಂತೆ.

ಬರುವವರಿಗೆ ಒಂದೆರಡು ಮಾತು. ಹೊಟ್ಟೆ ಬಿರಿಯ ಉಂಡು ತಕ್ಷಣ ತೊಟ್ಟಿಗೆ ಇಳಿಯಬೇಡಿ. ಜಪಾನಿಯರು ಸ್ನಾನ ಮುಗಿಸಿ ಊಟಕ್ಕೆ ಕೂರುತ್ತಾರೆ, ಆ ಕ್ರಮ ದೇಹಕ್ಕೂ ಹಿತ. ಬಿಪಿ, ಹೃದಯದ ತೊಂದರೆ ಇರುವ ಅಪ್ಪ ಅಮ್ಮನನ್ನು ಕರೆತಂದರೆ ಮೊದಲೇ ಡಾಕ್ಟರನ್ನು ಕೇಳಿ. ತೊಟ್ಟಿಯಿಂದ ನಿಧಾನಕ್ಕೆ ಏಳಲು ಹೇಳಿ, ನೀರು ಕುಡಿಸುತ್ತಿರಿ. ವಸತಿಗೃಹದಲ್ಲಿ ಊಟ ಬೇಕಿದ್ದರೆ ಮೀನಿನ ದಾಶಿಯೂ ಬೇಡ ಅಂತ ಬುಕ್ ಮಾಡುವಾಗಲೇ ಬರೆದು ತಿಳಿಸಿ, ಅಲ್ಲಿ ಹೋಗಿ ಹೇಳಿದರೆ ಅಡುಗೆಯವರಿಗೂ ಕಷ್ಟ. ರಜಾದಿನಗಳಲ್ಲಿ ಹಬೆ ಒಲೆಗೆ ಜನ ಜಾಸ್ತಿ. ಹೋದ ಕೂಡಲೇ ನಿಮ್ಮ ಸರದಿ ಹಿಡಿದು, ಕಾಯುವಾಗ ಪಕ್ಕದಲ್ಲೇ ಇರುವ ಮರದ ಪೆಟ್ಟಿಗೆಯಲ್ಲಿ ಕಾಲಿಗೆ ಹಬೆ ಕೊಟ್ಟುಕೊಂಡು ಕೂತಿರಿ. ಸಾಧ್ಯವಾದರೆ ವಾರದ ನಡುವೆ ಬನ್ನಿ, ಚಟ್ನಿಪುಡಿಯ ಡಬ್ಬಿ ಮರೆಯಬೇಡಿ.