ಕ್ಯಾಲಿಪರ್ ಬದಲಿಸಿದೆ, ಚಕ್ರ ಬಿಡಲಿಲ್ಲ

ಸಮುದ್ರದ ಬದಿಯಲ್ಲಿ ವರ್ಷಗಟ್ಟಲೆ ದುಡಿದು ಕಾಫಿ ತೋಟಕ್ಕೆ ಹತ್ತಿ ಬಂದ ಗಾಡಿ ಎಂದರೆ ನಮ್ಮ ಗ್ಯಾರೇಜಿನಲ್ಲಿ ತುಕ್ಕಿಗೆ ಹೆದರಿ ಯಾರೂ ಸ್ಪ್ಯಾನರ್ ಎತ್ತುವುದಿಲ್ಲ. 2003ರ ಈ ಮಾರುತಿ ಜಿಪ್ಸಿ ಕಿಂಗ್ ಹಾಗೇ ನನ್ನ ತಲೆಗೆ ಬಿತ್ತು. ಜಾಬ್ ಕಾರ್ಡಿನಲ್ಲಿ ಒಂದೇ ಸಾಲು: ಪಟ್ಟೆ (ಲೀಫ್ ಸ್ಪ್ರಿಂಗ್) ಕಿರುಗುಡುತ್ತೆ, ಬ್ರೇಕ್ ಎಳೆಯುತ್ತೆ. ಡೆಲಿವರಿ ನಾಳೆ ಸಂಜೆ. ಹಾಗೆ ಬರೆದವರು ಗಾಡಿ ಕೆಳಗೆ ಒಮ್ಮೆಯೂ ಬಗ್ಗಿರಲಿಲ್ಲ.

ತಂದ ಡ್ರೈವರ್ ಮಾತ್ರ ಸರಿಯಾಗಿ ಹೇಳಿದ್ದ. "ಬ್ರೇಕ್ ಒತ್ತಿದ ಕೂಡಲೇ ಎಡಕ್ಕೆ ಹೋಗುತ್ತೆ, ಕಾಲು ತೆಗೆದ ಮೇಲೆ ಬಲಕ್ಕೆ ಎಳೆಯುತ್ತೆ." ಇಡೀ ಕಾಯಿಲೆ ಆ ಒಂದು ಮಾತಿನಲ್ಲಿತ್ತು. ನಾನು ಕೇಳಿಸಿಕೊಂಡಿದ್ದು 'ಎಳೆಯುತ್ತೆ' ಅನ್ನುವುದನ್ನಷ್ಟೇ.

ಮೊದಲು ಪಟ್ಟೆ. ಜಿಪ್ಸಿಗೆ ನಾಲ್ಕೂ ಕಡೆ ಪಟ್ಟೆಯೇ, ಪಟ್ಟೆಯ ತುದಿಯನ್ನು ಚಾಸಿಗೆ ಸೇರಿಸುವ ಶಾಕಲ್ ಬೋಲ್ಟುಗಳು ನಾಲ್ಕೂ ಕಡೆ ರಬ್ಬರ್ ಬುಷ್ ಒಳಗಿನ ಕಬ್ಬಿಣದ ಸ್ಲೀವಿಗೆ ಕಚ್ಚಿಕೊಂಡಿದ್ದವು. ನಟ್ ತಿರುಗುತ್ತದೆ, ಬೋಲ್ಟ್ ಹೊರಗೆ ಬರುವುದಿಲ್ಲ, ಜೊತೆಗೆ ರಬ್ಬರೂ ತಿರುಗುತ್ತದೆ. ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ), ಅಸಿಟೋನ್ ಅರ್ಧಕ್ಕರ್ಧ ಬೆರೆಸಿ ರಾತ್ರಿಯಿಡೀ ನೆನೆಸಿದರೆ ಎರಡಾದರೂ ಬರುತ್ತವೆ. ಬಾರದ್ದನ್ನು ಶಾಕಲ್ ಪ್ಲೇಟ್ ಮತ್ತು ಪಟ್ಟೆಯ ಕಣ್ಣಿನ (ತುದಿಯ ಸುರುಳಿಯ) ನಡುವಿನ ಸಂದಿಯಲ್ಲಿ ಕತ್ತರಿಸಬೇಕು. ಗಾಡಿಯ ಮುಂಭಾಗದಲ್ಲಿ ಗ್ರೈಂಡರಿನ 1 ಎಂಎಂ ಕಟಿಂಗ್ ಡಿಸ್ಕ್ ನಡೆಯುತ್ತದೆ. ಹಿಂದೆ ಪೆಟ್ರೋಲ್ ಟ್ಯಾಂಕ್ ಇರುವುದರಿಂದ ಗ್ಯಾಸ್ ಕಟರ್ ಬೇಡ, ಕಿಡಿಯೂ ಬೇಡ, ಕೈಗರಗಸವೇ ಸರಿ. ಕೈ ಸೋಲುತ್ತದೆ, ಅಷ್ಟೇ.

ಪಟ್ಟೆಯ ಲೀಫುಗಳ ನಡುವೆ ತುಕ್ಕು ಹಪ್ಪಳದ ಹಾಗೆ ಪದರಗಟ್ಟಿರುತ್ತದೆ. ಮೇಲಿಂದ ಎಣ್ಣೆ ಹೊಡೆದರೆ ನಾಲ್ಕು ದಿನ ಸದ್ದಿರುವುದಿಲ್ಲ, ಬುಷ್ ಮಾತ್ರ ಊದಿಕೊಳ್ಳುತ್ತದೆ. ಬಿಚ್ಚಿ, ವೈರ್ ಬ್ರಷ್ ಹಾಕಿ, ಒಂದೊಂದರ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ ಜೋಡಿಸಬೇಕು. ಮೇನ್ ಲೀಫಿನ ಕಣ್ಣಲ್ಲಿ ಬಿರುಕಿದ್ದರೆ ಪಟ್ಟೆಯನ್ನೇ ಬದಲಿಸಿ, ವೆಲ್ಡಿಂಗ್ ಮಾಡಿಸಬೇಡಿ. ಪಟ್ಟೆಯನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್, ಲೀಫುಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ಎರಡೂ ಹೊಸವು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿಯೇ ಯು ಬೋಲ್ಟನ್ನು ಅಡ್ಡಡ್ಡ ಬಿಗಿಯಬೇಕು, 500 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ. ಶಾಕಲ್ ನಟ್ ಕೊನೆಯ ಬಿಗಿ ಮಾತ್ರ ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ. ಚಕ್ರ ಜೋತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಇಷ್ಟನ್ನೆಲ್ಲ ನೇಮದಿಂದ ಮಾಡಿದ ನಾನೇ ಮುಂಭಾಗದ ಪಟ್ಟೆ ಬಿಚ್ಚುವಾಗ ಆಕ್ಸಲ್ ಕೆಳಗೆ ಜಾಕ್ ಕೊಡಲಿಲ್ಲ. ಬಲಗಡೆ ಆಕ್ಸಲ್ ಕುಸಿದು, ಚಕ್ರಕ್ಕೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಹೋಸಿನ ಮೇಲೆ ತೂಗಿತು. ಒಂದೈದು ನಿಮಿಷ. ಎಣ್ಣೆ ಸೋರಲಿಲ್ಲ, ಆದ್ದರಿಂದ ಮರೆತೆ.

ಆಮೇಲೆ ಬ್ರೇಕ್. ಹಿಂದಿನ ಡ್ರಮ್ಮಿನಲ್ಲಿ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿತ್ತು, ಎರಡೂ ಕಡೆ ಹೊಸದು ಹಾಕಿದೆ. ಕ್ಲಿಪ್ ಹಿಡಿಯುವ ಜಾಗದಲ್ಲಿ ಚಾಸಿ ಮೇಲಿನ ಬ್ರೇಕ್ ಪೈಪನ್ನು ತುಕ್ಕು ಉಗುರಿಗೆ ಸಿಗುವಷ್ಟು ಕೊರೆದಿತ್ತು. ಅಲ್ಲಿಗೆ 4.75 ಎಂಎಂ ಸ್ಟೀಲ್ ಪೈಪ್, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆಯ ಅಗಲ ಬಾಯಿ). ಎಸಿ ಕೆಲಸದ ತಾಮ್ರದ ಪೈಪ್ ಬಗ್ಗಿಸಲು ಸುಲಭ ಎಂದು ಹಾಕುವವರಿದ್ದಾರೆ. ಗಾಡಿ ಅದುರಿ ಅದುರಿ ಅದು ಫ್ಲೇರಿನ ಬುಡದಲ್ಲೇ ಸೀಳುತ್ತದೆ. ಮುಂದಿನ ಬಲ ಕ್ಯಾಲಿಪರಿನಲ್ಲಿ (ಪ್ಯಾಡಿನಿಂದ ಡಿಸ್ಕನ್ನು ಅದುಮುವ ಭಾಗ) ಎಣ್ಣೆ ಹೊರಬಿಡುವ ನಿಪ್ಪಲ್ ಅಲುಗಲಿಲ್ಲ. ಮುರಿದರೆ ಇನ್ನೊಂದು ದಿನ ಹೋಗುತ್ತದೆ, ಮ್ಯಾನೇಜರ್ ಆಗಲೇ ಎರಡು ಸಲ ಬಂದು ಹೋಗಿದ್ದರು. ಸ್ಲೈಡ್ ಪಿನ್ ತೊಳೆದು, ಸಿಲಿಕಾನ್ ಗ್ರೀಸ್ ಹಾಕಿ, ಪಿಸ್ಟನ್ ಒಳಗೆ ತಳ್ಳಿ ಮುಚ್ಚಿದೆ. ಮಿಕ್ಕ ಮೂರು ಚಕ್ರ ಬ್ಲೀಡ್ ಆಯಿತು, ಅಂದರೆ ಹಳೇ ಎಣ್ಣೆ, ಗಾಳಿ ಹೊರಗೆ ಹೋಯಿತು, ಅದೊಂದರಲ್ಲಿ ಹಳೇ ಎಣ್ಣೆಯೇ ಉಳಿಯಿತು.

ಟ್ರಯಲ್ ಕೊಟ್ಟಿಗೆಹಾರದಿಂದ ಕೆಳಗೆ, ಚಾರ್ಮಾಡಿ ಘಾಟಿಯಲ್ಲಿ. ಮೂರನೇ ತಿರುವಿಗೆ ಸುಟ್ಟ ವಾಸನೆ. ನಾಲ್ಕನೆಯದಕ್ಕೆ ಪೆಡಲ್ ಮೆತ್ತಗಾಯಿತು, ಐದನೆಯದಕ್ಕೆ ನೆಲಕ್ಕೆ ತಾಗಿತು. ಪಂಪ್ ಮಾಡಿದರೂ ಅಷ್ಟೇ. ಎದುರಿಗೆ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹತ್ತುತ್ತಿತ್ತು. ಮೂರರಿಂದ ಎರಡು, ಎರಡರಿಂದ ಒಂದನೇ ಗೇರು, ಎಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆದೆ. ಬೆಟ್ಟದ ಬದಿಯ ಚರಂಡಿಗೆ ಎಡಚಕ್ರ ಇಳಿಸಿದಾಗ ನಿಂತಿತು. ಪಕ್ಕದಲ್ಲಿದ್ದ ಹೆಲ್ಪರ್ ಹುಡುಗ ಡ್ಯಾಶ್‌ಬೋರ್ಡಿನಿಂದ ಕೈ ತೆಗೆಯಲು ಎರಡು ನಿಮಿಷ ತೆಗೆದುಕೊಂಡ. ಕಾದ ಡಿಸ್ಕಿಗೆ ನೀರು ಹೊಯ್ಯಲು ಹೊರಟವನನ್ನು ನಿಲ್ಲಿಸಿದೆ, ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ತಾನೇ ಮೇಲೆ ಬಂತು.

ಬರಲೇಬೇಕು. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವಂತಿಲ್ಲ, ಶೇಕಡಾ 3.7ರಷ್ಟು ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಹಿಡಿದುಕೊಂಡ ಪ್ಯಾಡ್ ಅಷ್ಟು ಕಾವನ್ನು ಘಾಟಿಯಲ್ಲಿ ಸುಲಭವಾಗಿ ಎಬ್ಬಿಸುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ, ತಣಿದರೆ ಅದು ಮತ್ತೆ ಎಣ್ಣೆ.

ಮಾರನೇ ದಿನ ಪಿಸ್ಟನ್ನಿಗೇ ತುಕ್ಕು ಎಂದು ತೀರ್ಮಾನಿಸಿ ಹೊಸ ಕ್ಯಾಲಿಪರ್ ತರಿಸಿದೆ. ಬ್ಲೀಡ್ ಮಾಡುವಾಗ ಎಣ್ಣೆ ಚಿಮ್ಮಲಿಲ್ಲ, ಸಲೈನ್ ಬಾಟಲಿಯ ಹಾಗೆ ತೊಟ್ಟಿಕ್ಕಿತು. ಗಾಳಿ ಇರಬೇಕು ಎಂದು ಹುಡುಗನಿಗೆ ಜೋರಾಗಿ ಒತ್ತಲು ಹೇಳಿದೆ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಪೆಡಲ್ ನೆಲದವರೆಗೆ ಒತ್ತಿಸಬಾರದು. ಎಂದೂ ಓಡಾಡದ ಒರಟು ಜಾಗಕ್ಕೆ ಅದರೊಳಗಿನ ರಬ್ಬರ್ ಕಪ್ ಹೋಗಿ ಹರಿಯುತ್ತದೆ, ಅದಕ್ಕೇ ಪೆಡಲ್ ಕೆಳಗೆ ಮರದ ತುಂಡು ಇಡುವುದು. ಇಟ್ಟಿರಲಿಲ್ಲ. ಕಪ್ ಉಳಿದದ್ದು ಪುಣ್ಯ.

ಐದಾರು ಸಲ ಒತ್ತಿ ಬಿಟ್ಟರೆ ಚಕ್ರ ಮತ್ತೆ ಹಿಡಿಯಿತು, ಹೊಸ ಕ್ಯಾಲಿಪರಿನಲ್ಲೂ. ಆಗ ಮಾಡಿದ್ದನ್ನು ಮೊದಲ ದಿನವೇ ಮಾಡಬೇಕಿತ್ತು. ಚಕ್ರ ಹಿಡಿದಿರುವಾಗಲೇ ಹೋಸಿನ ಮೇಲಿನ ತುದಿಯ ಪೈಪ್ ನಟ್ ಸಡಿಲಿಸಿದೆ. ಚಕ್ರ ಬಿಡಲಿಲ್ಲ. ಆಗಲೇ ಚಕ್ರ ಬಿಟ್ಟಿದ್ದರೆ ತಪ್ಪು ಮಾಸ್ಟರ್ ಸಿಲಿಂಡರಿನದ್ದು. ನಟ್ ಬಿಗಿದು ನಿಪ್ಪಲ್ ತೆರೆದೆ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟಿತು. ನಿಪ್ಪಲ್ ತೆರೆದರೂ ಬಿಡದಿದ್ದರೆ ಪಿಸ್ಟನ್ನೋ ಪಿನ್ನೋ. ಇಲ್ಲಿ ಒತ್ತಡ ಹೋಸಿನ ಒಳಗೇ ಸಿಕ್ಕಿಕೊಂಡಿತ್ತು. ಒಂದು ಫ್ಲೇರ್ ಸ್ಪ್ಯಾನರ್, ಎರಡು ನಿಮಿಷದ ಕೆಲಸ. ಹಳೇ ನಿಪ್ಪಲ್ ತೆರೆಯದೆ ಇದು ಆಗುತ್ತಿರಲಿಲ್ಲ, ಆದ್ದರಿಂದ ಮುರಿಯುವ ಹೆದರಿಕೆಗೆ ಅದನ್ನು ಬಿಟ್ಟದ್ದೇ ಮೊದಲ ತಪ್ಪು. ಆರು ಮೂಲೆಯ ಸಾಕೆಟ್ ಹಾಕಿ, ಸುತ್ತಲ ಕಬ್ಬಿಣವನ್ನು ಸ್ವಲ್ಪ ಕಾಯಿಸಿ, ತಲೆಗೆ ಮೆಲ್ಲಗೆ ತಟ್ಟುತ್ತ ಮೊದಲು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದರೆ ಹೆಚ್ಚಿನವು ಬರುತ್ತವೆ.

ಹೋಸ್ ಬಿಚ್ಚಿ ಉದ್ದಕ್ಕೆ ಸೀಳಿದೆವು. ಹಳೇ ಕ್ಲಿಪ್ ತಿಂದುಹೋದಾಗ ಯಾರೋ ನಡುವೆ ತಗಡಿನ ಪಟ್ಟಿ ಸುತ್ತಿ ಚಾಸಿಗೆ ಬಿಗಿದಿದ್ದರು. ಪಟ್ಟಿಯ ಒಳಮೈಯಲ್ಲಿ ತುಕ್ಕು ಬೆಳೆದು, ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿಂದು, ರಬ್ಬರನ್ನು ಕತ್ತು ಹಿಸುಕಿದಂತೆ ಒತ್ತಿತ್ತು. ಅಲ್ಲಿ ಎಣ್ಣೆ ಹೋಗುವ ದಾರಿ ಸೂಜಿ ತೂರುವಷ್ಟೇ. ಸ್ವಲ್ಪ ಕೆಳಗೆ ಒಳಪದರ ನಾಲಿಗೆಯಂತೆ ಎದ್ದಿತ್ತು. ಆಕ್ಸಲ್ ತೂಗಿದ್ದರಿಂದ ಎದ್ದದ್ದೋ ಮೊದಲೇ ಇತ್ತೋ, ಹುಡುಗ ನನ್ನ ಮುಖ ನೋಡಿದ, ನಾನು ಹೋಸ್ ನೋಡಿದೆ. ಕಾಲಿನ ಒತ್ತಡಕ್ಕೆ ಎಣ್ಣೆ ತಡವಾಗಿಯಾದರೂ ನುಗ್ಗುತ್ತದೆ, ವಾಪಸ್ ಬರಲು ಅಷ್ಟು ಒತ್ತಡವಿಲ್ಲ. ಬಲಚಕ್ರ ತಡವಾಗಿ ಹಿಡಿದರೆ ಗಾಡಿ ಮೊದಲು ಎಡಕ್ಕೆ, ಬಿಡದೆ ಹಿಡಿದುಕೊಂಡರೆ ಆಮೇಲೆ ಬಲಕ್ಕೆ. ಡ್ರೈವರ್ ಹೇಳಿದ್ದು ಇದನ್ನೇ.

ಮುಂದೆ ಎರಡೂ, ಹಿಂದೆ ಒಂದು, ಹೋಸೆಲ್ಲ ಹೊಸದು ಹಾಕಿದೆ. ಡಾಟ್ 4 ತುಂಬಿ ಹಿಂದಿನ ಎಡದಿಂದ ಶುರು ಮಾಡಿ ಮುಂದಿನ ಬಲಕ್ಕೆ ಬ್ಲೀಡ್ ಮುಗಿಸಿದೆ. ಆಕ್ಸಲ್ ಪೂರ್ತಿ ಜೋತಾಡಿಸಿ, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ಹೋಸ್ ಬಿಗಿಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ನೋಡಿದ ಮೇಲೆಯೇ ಚಕ್ರ ಹಾಕಿದ್ದು.

ಹಳೇ ಕ್ಯಾಲಿಪರ್ ಬಿಚ್ಚಿದರೆ ಪಿಸ್ಟನ್ ಕನ್ನಡಿಯಂತಿತ್ತು. ಹೊಸದನ್ನು ಬಿಲ್ಲಿನಿಂದ ತೆಗೆಯಲು ಮ್ಯಾನೇಜರ್ ಒಪ್ಪಲಿಲ್ಲ, ಅರ್ಧ ದುಡ್ಡು ನನ್ನ ಸಂಬಳದಲ್ಲಿ ಹೋಯಿತು. ಹಳೆಯದು ಈಗಲೂ ನನ್ನ ಟೂಲ್ ಬಾಕ್ಸಿನ ಕೆಳಗಿದೆ. ಗಿರಾಕಿ ಸಿಕ್ಕರೆ ಕೊಡುತ್ತೇನೆ.